ನಾಡಿ ನೋಡಿದ ಊರಿನ ಡಾಕ್ಟರು

ಹೃದ್ರೋಗವಿಜ್ಞಾನದ ಚರಿತ್ರೆ ಲಂಡನ್ನಿನಲ್ಲೋ ವಿಯೆನ್ನಾದಲ್ಲೋ ಯಾವುದಾದರೊಂದು ದೊಡ್ಡ ಆಸ್ಪತ್ರೆಯ ಒಳಗೆ ಹುಟ್ಟಿರಬೇಕು ಎಂದು ನಾವು ಊಹಿಸುವುದು ಸಹಜ. ಆದರೆ ಅದರ ಬಹುಮುಖ್ಯವಾದ ಒಂದು ಅಧ್ಯಾಯ ಆರಂಭವಾದದ್ದು ಇಂಗ್ಲೆಂಡಿನ ಲಾಂಕಶೈರ್ ಪ್ರಾಂತದ ಬರ್ನ್ಲಿ ಎಂಬ ಹತ್ತಿಗಿರಣಿಗಳ ಪೇಟೆಯಲ್ಲಿ, ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿ, ಮುರಿದ ಕೈ ಕಟ್ಟಿ, ಜ್ವರಕ್ಕೆ ಮದ್ದು ಕೊಡುತ್ತಿದ್ದ ಒಬ್ಬ ಸಾಮಾನ್ಯ ಡಾಕ್ಟರರ ಕೈಯಲ್ಲಿ. ಅವರ ಹೆಸರು ಜೇಮ್ಸ್ ಮೆಕೆಂಜಿ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡಿದ ನನಗೆ, ಹೃತ್ಕರ್ಣ, ಹೃತ್ಕುಕ್ಷಿ ಎಂಬ ಶಬ್ದಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಈ ಹೆಸರು ಗೊತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ವಿಲಿಯಂ ಹಾರ್ವೆ ಇದ್ದರು, ಮೆಕೆಂಜಿ ಇರಲಿಲ್ಲ. ನಿವೃತ್ತಿಯ ನಂತರ ಓದಿದ ಕೆಲವು ಪುಸ್ತಕಗಳಿಂದ ತಿಳಿದುಕೊಂಡದ್ದನ್ನು, ನಮ್ಮ ಗಡಿನಾಡಿನ ಮನೆಗಳಿಗೆ ಸಂಬಂಧಪಟ್ಟ ವಿಷಯವೆಂದು ತೋರಿದುದರಿಂದ, ಇಲ್ಲಿ ಬರೆಯುತ್ತಿದ್ದೇನೆ.

ಮೆಕೆಂಜಿ ಹುಟ್ಟಿದ್ದು 1853ರಲ್ಲಿ, ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಸಮೀಪದ ಸ್ಕೋನ್ ಎಂಬಲ್ಲಿನ ಕೃಷಿಕ ಕುಟುಂಬದಲ್ಲಿ. ಶಾಲೆಯಲ್ಲಿ ಅವರು ಜಾಣ ವಿದ್ಯಾರ್ಥಿ ಅನ್ನಿಸಿಕೊಂಡವರಲ್ಲ. ಹದಿನೈದರ ಆಸುಪಾಸಿನಲ್ಲಿ ಶಾಲೆ ಬಿಟ್ಟು ಮದ್ದಿನಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಅಂಗಡಿಯಲ್ಲಿ ಪಾಲುದಾರಿಕೆ ಸಿಗುವ ಅವಕಾಶವಿದ್ದರೂ ಅದನ್ನು ಬಿಟ್ಟು 1874ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ವೈದ್ಯ ವಿದ್ಯಾರ್ಥಿಯಾಗಿ ಹೋದರು. 1878ರಲ್ಲಿ ಪದವಿ ದೊರೆಯಿತು. ಮರುವರ್ಷ ಬರ್ನ್ಲಿಯಲ್ಲಿ ಇಬ್ಬರು ಹಿರಿಯ ಡಾಕ್ಟರರ ಜೊತೆ ಸೇರಿಕೊಂಡರು. ಅಲ್ಲಿಂದ 1907ರವರೆಗೆ, ಅಂದರೆ ಇಪ್ಪತ್ತೆಂಟು ವರ್ಷ, ಆ ಊರೇ ಅವರ ಕಾರ್ಯಕ್ಷೇತ್ರ.

ಬರ್ನ್ಲಿಯನ್ನು ನಾವು ಸ್ವಲ್ಪ ಕಣ್ಣೆದುರು ತಂದುಕೊಳ್ಳಬೇಕು. ನಮ್ಮ ದೇಶದ ಮಗ್ಗಗಳ ಬಾಯಿಗೆ ಮಣ್ಣು ಹಾಕಿದ ಲಾಂಕಶೈರಿನ ಬಟ್ಟೆ ತಯಾರಾಗುತ್ತಿದ್ದ ಊರುಗಳಲ್ಲಿ ಅದೂ ಒಂದು. ಹಾಗೆಂದು ಅದನ್ನು ನೇಯುತ್ತಿದ್ದವರು ಸುಖವಾಗಿದ್ದರೆಂದು ತಿಳಿಯಬೇಕಾಗಿಲ್ಲ. ಹೆಂಗಸರೂ ಮಕ್ಕಳೂ ಗಿರಣಿಗೆ ಹೋಗುತ್ತಿದ್ದರು. ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳು, ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ. ಇಂತಹ ಇಕ್ಕಟ್ಟಿನ ಬಾಳಿನಲ್ಲಿ ಮಕ್ಕಳಿಗೆ ಗಂಟಲು ನೋವು ಬಂದು, ಅದರ ಬೆನ್ನಿಗೆ ಕೀಲುಗಳು ಊದಿಕೊಂಡು ಜ್ವರ ಬಂದು, ಆ ಜ್ವರ ವಾಸಿಯಾದ ಮೇಲೂ ಹೃದಯದ ಕವಾಟದಲ್ಲಿ ಗಾಯ ಉಳಿದುಬಿಡುವ ಕಾಯಿಲೆ ಹೆಚ್ಚು. ರುಮ್ಯಾಟಿಕ್ ಜ್ವರವೆಂದು ಇದಕ್ಕೆ ಹೆಸರು. ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುವ ಕಾಯಿಲೆ ಎಂದು ಹಳೆಯ ಡಾಕ್ಟರರು ಹೇಳುತ್ತಿದ್ದುದುಂಟು. ಬಡತನ ಮತ್ತು ಇಕ್ಕಟ್ಟು ಇರುವಲ್ಲೆಲ್ಲ ಇದು ಇರುತ್ತದೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದ ಮಕ್ಕಳು ನನ್ನ ತರಗತಿಯಲ್ಲೂ ಇದ್ದರು. ಇಂಜೆಕ್ಷನಿನ ದಿನ ಕುಂಟುತ್ತ ಬರುತ್ತಿದ್ದರು.

ಬರ್ನ್ಲಿಗೆ ಬಂದ ಹೊಸತರಲ್ಲಿ ಮೆಕೆಂಜಿಯವರು ನೋಡಿಕೊಳ್ಳುತ್ತಿದ್ದ ಒಬ್ಬ ಯುವ ಗರ್ಭಿಣಿ, ಹೃದಯದ ಕಾಯಿಲೆ ಇದ್ದವಳು, ಹೆರಿಗೆಯ ಹೊತ್ತಿನಲ್ಲಿ ತೀರಿಕೊಂಡಳು. ಈ ಘಟನೆ ಅವರ ಜೀವನದ ದಿಕ್ಕನ್ನು ಬದಲಿಸಿತೆಂದು ಅವರ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಇಂಥ ಹೃದಯವಿರುವ ಹೆಂಗಸು ಬಸಿರು ಹೊರಬಹುದೇ, ಯಾವ ಲಕ್ಷಣ ಕಂಡರೆ ಅಪಾಯ, ಯಾವುದು ಕಂಡರೂ ಹೆದರಬೇಕಾಗಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ ಪುಸ್ತಕಗಳನ್ನು ತಿರುವಿದರು. ಸಿಕ್ಕಿದ್ದು ಬಹಳ ಕಡಿಮೆ. ಪುಸ್ತಕ ಬರೆದವರು ಆಸ್ಪತ್ರೆಯ ಪ್ರೊಫೆಸರರು. ಅವರ ಬಳಿಗೆ ರೋಗಿ ಬರುವುದು ಕಾಯಿಲೆ ಬಲಿತ ಮೇಲೆ. ಕಾಲು ಊದಿ, ಉಸಿರಾಡಲಾಗದೆ ಕುಳಿತ ರೋಗಿಯನ್ನು ಅವರು ಕೆಲವು ವಾರ ನೋಡುತ್ತಾರೆ. ಆಮೇಲೆ ಅವನು ಮನೆಗೆ ಹೋಗುತ್ತಾನೆ ಇಲ್ಲವೆ ಸಾಯುತ್ತಾನೆ. ಅದಕ್ಕೆ ಮೊದಲಿನ ಇಪ್ಪತ್ತು ವರ್ಷಗಳ ಕಥೆ ಅವರಿಗೆ ಕಾಣುವುದಿಲ್ಲ. ಆ ಕಥೆ ಗೊತ್ತಿರುವವನು ಊರಿನ ಡಾಕ್ಟರು ಒಬ್ಬನೇ. ಮೆಕೆಂಜಿಯವರ ಎಲ್ಲ ಕೆಲಸದ ಬೀಜ ಈ ಒಂದು ತಿಳುವಳಿಕೆಯಲ್ಲಿದೆ.

ಅವರು ಮಾಡಿದ್ದು ಹೇಳುವುದಕ್ಕೆ ಸರಳ, ಮಾಡುವುದಕ್ಕೆ ಬಹಳ ಕಷ್ಟದ ಕೆಲಸ. ಒಬ್ಬೊಬ್ಬ ರೋಗಿಯ ನಾಡಿಯನ್ನೂ ಎದೆಯ ಸದ್ದನ್ನೂ ಬರೆದಿಟ್ಟುಕೊಂಡು, ಅದೇ ರೋಗಿಯನ್ನು ಐದು, ಹತ್ತು, ಇಪ್ಪತ್ತು ವರ್ಷ ಬಿಡದೆ ನೋಡುತ್ತ ಹೋದರು. ಹಗಲಿಡೀ ಸೀಕಿನವರ ಮನೆಗಳಿಗೆ ಅಲೆದು, ರಾತ್ರಿ ಕುಳಿತು ಟಿಪ್ಪಣಿ ಬರೆಯುವುದು. ಸರಕಾರದ ಹಣವಿಲ್ಲ, ವಿಶ್ವವಿದ್ಯಾನಿಲಯದ ಹುದ್ದೆಯಿಲ್ಲ, ಸಹಾಯಕರಿಲ್ಲ.

ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಸಣ್ಣ ಯಂತ್ರ ಆಗಲೇ ಇತ್ತು. ಹೊಗೆ ಹಿಡಿಸಿ ಕಪ್ಪು ಮಾಡಿದ ಕಾಗದದ ಮೇಲೆ ಸೂಜಿಯಂಥ ಕಡ್ಡಿ ಗೀಚುತ್ತ ಹೋಗುತ್ತಿತ್ತು. ಮೆಕೆಂಜಿಯವರು ಇದಕ್ಕೆ ಒಂದು ಹೊಸ ಉಪಾಯ ಸೇರಿಸಿದರು. ಕುತ್ತಿಗೆಯ ಬದಿಯಲ್ಲಿ ಒಂದು ದೊಡ್ಡ ಅಭಿಧಮನಿ ಇದೆ. ಅದು ಹೃದಯದ ಬಲಗಡೆಯ ಮೇಲಿನ ಕೋಣೆಗೆ, ಅಂದರೆ ಹೃತ್ಕರ್ಣಕ್ಕೆ, ಬಹುತೇಕ ನೇರವಾಗಿ ತೆರೆದುಕೊಳ್ಳುತ್ತದೆ. ಬಾವಿಯ ನೀರು ಅಲುಗಿದರೆ ಮೇಲಿನ ಬೆಳಕು ಅಲುಗುವಂತೆ, ಹೃತ್ಕರ್ಣದ ಅಲುಗಾಟ ಆ ರಕ್ತನಾಳದಲ್ಲಿ ಕಾಣುತ್ತದೆ. ಕೈಯ ನಾಡಿ ಹೇಳುವುದು ಹೃದಯದ ಕೆಳಕೋಣೆಯ ಸುದ್ದಿಯನ್ನು ಮಾತ್ರ. ಕುತ್ತಿಗೆಯ ನಾಳ ಮೇಲ್ಕೋಣೆಯ ಸುದ್ದಿ ಹೇಳುತ್ತದೆ. ಎರಡನ್ನೂ ಒಂದೇ ಕಾಗದದಲ್ಲಿ, ಒಂದೇ ಹೊತ್ತಿನಲ್ಲಿ ಬರೆಸಿದರೆ ಹೃದಯದ ಎರಡು ಮಹಡಿಗಳೂ ತಾಳ ತಪ್ಪದೆ ನಡೆಯುತ್ತಿವೆಯೇ ಎಂದು ತಿಳಿಯಬಹುದಲ್ಲ! ಎದೆಗೆ ಕತ್ತಿ ಮುಟ್ಟಿಸದೆ, ಎಕ್ಸ್‌ರೇ ಕೂಡ ಇಲ್ಲದೆ.

ಈ ಯಂತ್ರಕ್ಕೆ ಪಾಲಿಗ್ರಾಫ್ ಎಂದು ಹೆಸರಾಯಿತು. ಮುಂದೆ ಹೊಗೆಕಾಗದದ ತಾಪತ್ರಯ ಬಿಟ್ಟು, ಉದ್ದನೆಯ ಕಾಗದದ ಸುರುಳಿಯ ಮೇಲೆ ಶಾಯಿಯಲ್ಲಿ ಬರೆಯುವ ಯಂತ್ರವನ್ನು ಅವರು ಮಾಡಿಸಿಕೊಂಡರು. ಮಾಡಿಕೊಟ್ಟದ್ದು ಲಂಡನ್ನಿನ ಕಾರ್ಖಾನೆಯಲ್ಲ, ಬರ್ನ್ಲಿಗೆ ತಾಗಿಕೊಂಡಿರುವ ಪಾಡಿಹಂ ಎಂಬ ಊರಿನ ಒಬ್ಬ ಗಡಿಯಾರ ಕೆಲಸದವರು. ಊರಿನ ಡಾಕ್ಟರು ಮತ್ತು ಊರಿನ ಗಡಿಯಾರದವರು ಒಟ್ಟು ಕುಳಿತು ಹೃದಯದ ಗುಟ್ಟು ತಿಳಿಯುವ ಯಂತ್ರ ಮಾಡಿದರು ಎಂಬುದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ಕುತ್ತಿಗೆಯ ನಾಳದ ಗೆರೆಯಲ್ಲಿ ಏಳುವ ಅಲೆಗಳಿಗೆ ಅವರು ಎ, ಸಿ, ವಿ ಎಂಬ ಅಕ್ಷರಗಳ ಹೆಸರಿಟ್ಟರು. ಇಂದಿಗೂ ಮಂಗಳೂರಿನಲ್ಲಿ ಓದಲಿ, ಪರಿಯಾರದಲ್ಲಿ ಓದಲಿ, ವೈದ್ಯ ವಿದ್ಯಾರ್ಥಿಗಳು ಅದೇ ಅಕ್ಷರಗಳನ್ನು ಬಾಯಿಪಾಠ ಮಾಡುತ್ತಾರೆ.

ಇದರಿಂದ ತಿಳಿದುಬಂದದ್ದೇನು? ನಾಡಿ ತಾಳ ತಪ್ಪುವುದರಲ್ಲಿ ಹಲವು ಬಗೆಗಳಿವೆ, ಅವೆಲ್ಲ ಒಂದೇ ಅಲ್ಲ ಎಂಬುದು. ಮಕ್ಕಳಲ್ಲಿ ಉಸಿರು ಎಳೆದಾಗ ನಾಡಿ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದುಂಟು. ಅದು ಕಾಯಿಲೆಯೇ ಅಲ್ಲ. ಕೆಲವರಿಗೆ ನಡುನಡುವೆ ಒಂದು ಬಡಿತ ಮೊದಲೇ ಬಂದು, ಆಮೇಲೆ ಎದೆ ಒಂದು ಕ್ಷಣ ನಿಂತ ಹಾಗೆ ಅನಿಸುತ್ತದೆ. ಬೇರೆ ಕಾಯಿಲೆ ಇಲ್ಲದವರಲ್ಲಿ ಅದೂ ಸಾಮಾನ್ಯವಾಗಿ ನಿರಪಾಯಕರ. ಆ ಕಾಲದಲ್ಲಿ ಇಂಥವರನ್ನೆಲ್ಲ ಹೃದ್ರೋಗಿಗಳೆಂದು ಹಾಸಿಗೆಯಲ್ಲಿ ಮಲಗಿಸಿ, ಹುಡುಗರನ್ನು ಆಟದಿಂದ ಬಿಡಿಸಿ, ಹುಡುಗಿಯರ ಮದುವೆ ನಿಲ್ಲಿಸಿ, ಬದುಕಿರುವಾಗಲೇ ಅರೆಜೀವ ಮಾಡುತ್ತಿದ್ದರು. ಮೆಕೆಂಜಿಯವರ ಟಿಪ್ಪಣಿಗಳಲ್ಲಿ ಇಂಥವರು ಹತ್ತಾರು ವರ್ಷಗಳ ನಂತರವೂ ಗಿರಣಿಯ ಕೆಲಸ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದುದು ಕಂಡಿತು. ಮದ್ದು ಕೊಟ್ಟು ಗುಣಪಡಿಸುವುದು ದೊಡ್ಡದೇ ಸರಿ. ಇಲ್ಲದ ಕಾಯಿಲೆಯಿಂದ ಮನುಷ್ಯನನ್ನು ಬಿಡಿಸುವುದು ಅದಕ್ಕಿಂತ ಸಣ್ಣದೆಂದು ನನಗೆ ತೋರುವುದಿಲ್ಲ.

ನಿಜವಾಗಿ ಅಪಾಯದ ಬಗೆಯೊಂದು ಇತ್ತು. ನಾಡಿಯಲ್ಲಿ ಯಾವ ತಾಳವೂ ಸಿಗದ, ಒಂದು ಬಡಿತಕ್ಕೂ ಇನ್ನೊಂದಕ್ಕೂ ಹೊಂದಿಕೆಯೇ ಇಲ್ಲದ ಸ್ಥಿತಿ. 1880ರಿಂದ ಅವರು ನೋಡುತ್ತ ಬಂದ ಒಬ್ಬ ಹೆಂಗಸಿಗೆ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿತ್ತು. 1890ರ ದಶಕದ ಕೊನೆಗೆ ಅವಳ ನಾಡಿ ಹೀಗೆ ದಿಕ್ಕೆಟ್ಟಿತು. ಆಗ ತೆಗೆದ ಗೆರೆಯಲ್ಲಿ ಅಷ್ಟು ವರ್ಷವೂ ಕಾಣುತ್ತಿದ್ದ ಎ ಅಲೆ ಮಾಯವಾಗಿತ್ತು. ಅಂದರೆ ಮೇಲ್ಕೋಣೆ ಸಂಕುಚಿಸುವುದನ್ನೇ ನಿಲ್ಲಿಸಿತ್ತು. ಅದೇ ರೋಗಿಯ ಹಳೆಯ ಗೆರೆಗಳು ಕೈಯಲ್ಲಿ ಇಲ್ಲದಿರುತ್ತಿದ್ದರೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಇದಕ್ಕೆ ಮೆಕೆಂಜಿಯವರು ಕೊಟ್ಟ ವಿವರಣೆ ಪೂರ್ತಿ ಸರಿಯಾಗಿರಲಿಲ್ಲ. ಮೇಲ್ಕೋಣೆಗೆ ಪಾರ್ಶ್ವವಾಯು ಬಡಿದಿದೆ ಎಂದು ಮೊದಲು ಬಗೆದರು, ಆಮೇಲೆ ಬೇರೊಂದು ವಿವರಣೆ ಹೇಳಿದರು. ನಿಜಸಂಗತಿಯನ್ನು 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಎಂಬ ತರುಣ ವಿಜ್ಞಾನಿ ಆಗಷ್ಟೇ ಬಳಕೆಗೆ ಬರುತ್ತಿದ್ದ ಇ.ಸಿ.ಜಿ. ಯಂತ್ರದಿಂದ ತೋರಿಸಿದರು. ಮೇಲ್ಕೋಣೆ ಸುಮ್ಮನಿರುವುದಿಲ್ಲ, ಗಾಳಿಗೆ ಸಿಕ್ಕಿದ ಅಶ್ವತ್ಥದ ಎಲೆಯಂತೆ ಪಟಪಟನೆ ನಡುಗುತ್ತಿರುತ್ತದೆ. ಲೂಯಿಸರನ್ನು ಈ ದಾರಿಗೆ ಎಳೆದುತಂದವರು ಮೆಕೆಂಜಿಯವರೇ. ತನ್ನ ವಿವರಣೆಯನ್ನು ತಿದ್ದಿದ ಕಿರಿಯನ ಮೇಲೆ ಅವರು ಮುನಿಸಿಕೊಳ್ಳಲಿಲ್ಲ. ಪಂಡಿತರ ಲೋಕದಲ್ಲಿ ಇದು ಅಪರೂಪ.

ಈ ಕಾಯಿಲೆಗೆ ಡಿಜಿಟಾಲಿಸ್ ಎಂಬ ಮದ್ದು ಹೇಗೆ ಮತ್ತು ಯಾರಿಗೆ ಹೆಚ್ಚು ಪ್ರಯೋಜನವೆಂದು ಸ್ಪಷ್ಟಪಡಿಸಿದವರಲ್ಲೂ ಮೆಕೆಂಜಿ ಮುಖ್ಯರು. ಈ ಮದ್ದು ಒಂದು ಹೂವಿನ ಗಿಡದ ಎಲೆಯಿಂದ ಬಂದದ್ದು. ಅದನ್ನು 1785ರಲ್ಲಿ ಪುಸ್ತಕವಾಗಿ ಬರೆದು ಲೋಕಕ್ಕೆ ತಿಳಿಸಿದ ವಿಲಿಯಂ ವಿದರಿಂಗ್ ಎಂಬ ವೈದ್ಯರಿಗೆ ಅದರ ಸುಳಿವು ಸಿಕ್ಕಿದ್ದು ಮನೆಮದ್ದು ಕೊಡುತ್ತಿದ್ದ ಒಬ್ಬ ಮುದುಕಿಯ ಗುಟ್ಟಿನಿಂದ. ನಮ್ಮ ಹಿತ್ತಲಿನ ಕಣಗಿಲೆಯಲ್ಲೂ, ತೋಡಿನ ಬದಿಯಲ್ಲಿ ಬೆಳೆಯುವ, ಮಲಯಾಳದಲ್ಲಿ ಒತಳಂ ಎನ್ನುವ ಮರದ ಕಾಯಿಯಲ್ಲೂ ಇದೇ ಜಾತಿಯ ವಿಷವಿದೆ. ಅದನ್ನು ತಿಂದು ಸತ್ತವರ ಸುದ್ದಿ ಕೇರಳದವರಾದ ನಮಗೆ ಹೊಸತಲ್ಲ. ಮದ್ದು ಮತ್ತು ವಿಷದ ನಡುವೆ ಅಂತರ ಅಷ್ಟು ಕಡಿಮೆಯಾದುದರಿಂದಲೇ ಯಾರಿಗೆ, ಎಷ್ಟು, ಯಾವಾಗ ನಿಲ್ಲಿಸಬೇಕು ಎಂಬುದು ತಿಳಿಯಬೇಕಾಗಿತ್ತು. ಮೇಲ್ಕೋಣೆ ನಡುಗುವ ರೋಗಿಗಳಲ್ಲಿ ಈ ಮದ್ದು ಕೆಳಕೋಣೆಯ ಓಟವನ್ನು ಹಿಡಿದು ನಿಧಾನಗೊಳಿಸುತ್ತದೆ ಎಂಬುದನ್ನು ಅವರು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟರು.

ನಾಡಿಯ ಬಗೆಗಿನ ಅವರ ದೊಡ್ಡ ಗ್ರಂಥ 1902ರಲ್ಲಿ ಹೊರಬಂತು. ಸ್ವದೇಶದ ದೊಡ್ಡವರು ಮೊದಲು ಹೆಚ್ಚು ಗಮನ ಕೊಡಲಿಲ್ಲ. ಗಿರಣಿಪೇಟೆಯ ಡಾಕ್ಟರು ಏನು ಬರೆದಾನು ಎಂಬ ಭಾವನೆ ಇರಬೇಕು. ಹೊರದೇಶದವರು ಓದಿದರು. ಹಾಲೆಂಡಿನ ವೆಂಕೆಬಾಕ್ ಎಂಬ ವೈದ್ಯರು ಪತ್ರ ಬರೆದು ಸ್ನೇಹ ಬೆಳೆಸಿದರು. ಪುಸ್ತಕ ಜರ್ಮನ್ ಭಾಷೆಗೆ ಹೋಯಿತು. ಬರ್ನ್ಲಿಯನ್ನು ಹುಡುಕಿಕೊಂಡು ವಿದೇಶಿ ಡಾಕ್ಟರರು ಬಂದರು. 1907ರಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮೆಕೆಂಜಿ ಲಂಡನ್ನಿಗೆ ಹೋದರು. ಆಮೇಲಿನದ್ದು ಕೀರ್ತಿಯ ಕಥೆ, ಬೇಗ ಹೇಳಬಹುದು: 1908ರಲ್ಲಿ ಹೃದ್ರೋಗಗಳ ಗ್ರಂಥ, ಲಂಡನ್ ಹಾಸ್ಪಿಟಲಿನಲ್ಲಿ ಹೃದ್ರೋಗ ವಿಭಾಗ, 1915ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ಅದೇ ವರ್ಷ ಸರ್ ಪದವಿ. ಮೊದಲನೆಯ ಮಹಾಯುದ್ಧದಲ್ಲಿ ಎದೆ ಬಡಿತ, ಏದುಸಿರು ಎಂದು ಸಾವಿರಾರು ಸೈನಿಕರು ಹಿಂದಕ್ಕೆ ಬಂದಾಗ, ಇವರಲ್ಲಿ ಹೆಚ್ಚಿನವರ ಹೃದಯಕ್ಕೆ ಏನೂ ಆಗಿಲ್ಲ, ಇವರನ್ನು ಮಲಗಿಸಬೇಡಿ, ಮೆಲ್ಲಮೆಲ್ಲನೆ ವ್ಯಾಯಾಮ ಮಾಡಿಸಿ ಎಂಬ ನಿಲುವಿಗೆ ಬಲ ಕೊಟ್ಟವರಲ್ಲಿ ಅವರೂ ಲೂಯಿಸರೂ ಇದ್ದರು. ಬರ್ನ್ಲಿಯಲ್ಲಿ ಕಲಿತ ಪಾಠವೇ ಅಲ್ಲಿಯೂ ಉಪಯೋಗಕ್ಕೆ ಬಂತು.

ನನಗೆ ಹೆಚ್ಚು ಮುಖ್ಯವೆನಿಸುವುದು ಇದಾದ ನಂತರ ಅವರು ಮಾಡಿದ ಕೆಲಸ. ಹೆಸರು, ಹಣ ಎರಡೂ ಕೈತುಂಬ ಬರುತ್ತಿದ್ದಾಗ, 1918ರಲ್ಲಿ, ಅವರು ಲಂಡನ್ ಬಿಟ್ಟು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಕಡಲಂಚಿನ ಊರಿಗೆ ಹೋದರು. ಅಲ್ಲಿ 1919ರಲ್ಲಿ ಒಂದು ಸಂಶೋಧನ ಸಂಸ್ಥೆ ಕಟ್ಟಿದರು. ಅದರ ಸಂಶೋಧಕರು ಯಾರು? ಆ ಊರಿನ ಕುಟುಂಬ ವೈದ್ಯರು. ಅವರವರ ರೋಗಿಗಳ ವಿವರಗಳನ್ನು ಕ್ರಮವಾಗಿ ಬರೆದಿಟ್ಟು, ನಿಯಮಿತವಾಗಿ ಒಟ್ಟು ಸೇರಿ ಚರ್ಚಿಸುವುದು. ಹುಟ್ಟಿದ ಮಗುವಿನಿಂದ ಹಿಡಿದು ಊರಿನವರ ಆರೋಗ್ಯವನ್ನು ತಲೆಮಾರುಗಟ್ಟಲೆ ನೋಡಿದರೆ, ಕಾಯಿಲೆಯ ಮೊತ್ತಮೊದಲ ಲಕ್ಷಣ ಯಾವುದೆಂದು ತಿಳಿಯುತ್ತದೆ ಎಂಬುದು ಅವರ ಯೋಚನೆ. ಫಲ ಕಾಣಲು ದಶಕಗಳು ಬೇಕೆಂದು ಅವರಿಗೆ ಗೊತ್ತಿತ್ತು; ತಾನು ಇರುವುದಿಲ್ಲವೆಂದೂ ಗೊತ್ತಿತ್ತು.

ವೈದ್ಯಶಿಕ್ಷಣದ ಬಗೆಗೆ ಅವರ ಟೀಕೆ ಕಟುವಾಗಿತ್ತು. ವಿದ್ಯಾರ್ಥಿಗಳು ವಾರ್ಡಿನಲ್ಲಿ ನೋಡುವುದು ಕಾಯಿಲೆಯ ಕೊನೆಯ ಅಂಕವನ್ನು; ಹೊರಗೆ ಹೋಗಿ ಅವರು ನೋಡಬೇಕಾದದ್ದು ಮೊದಲ ಅಂಕವನ್ನು. ಅದನ್ನು ಅವರಿಗೆ ಕಲಿಸುವವರು ಯಾರು? ಊರಿನಲ್ಲಿ ಒಂದು ದಿನವೂ ವೈದ್ಯವೃತ್ತಿ ಮಾಡದವರು ಊರಿನ ಡಾಕ್ಟರರನ್ನು ತಯಾರಿಸುವುದು ಹೇಗೆ? ಪ್ರೊಫೆಸರರಿಗೆ ಕುಟುಂಬ ವೈದ್ಯರಾಗಿ ದುಡಿದ ಅನುಭವ ಇರಬೇಕೆಂದು ಅವರು ವಾದಿಸಿದರು. ಯಂತ್ರಗಳ ಬಗೆಗೂ ಅವರಿಗೆ ಅನುಮಾನ ಬೆಳೆದಿತ್ತು. ಪಾಲಿಗ್ರಾಫ್ ಮಾಡಿದವರೇ, ಯಂತ್ರದಿಂದ ಕಲಿತದ್ದನ್ನು ಆಮೇಲೆ ಕಣ್ಣು, ಕೈ, ಕಿವಿಗಳಿಂದಲೇ ಗುರುತಿಸಲು ಕಲಿಯಿರಿ, ಯಂತ್ರಕ್ಕೆ ಜೋತುಬೀಳಬೇಡಿ ಎನ್ನುತ್ತಿದ್ದರು. ಈ ವಿಷಯದಲ್ಲಿ ಅವರು ಸ್ವಲ್ಪ ಅತಿಗೆ ಹೋದರೆಂದು ನನ್ನ ಅಭಿಪ್ರಾಯ. ಇ.ಸಿ.ಜಿ. ಇಲ್ಲದೆ ಇಂದು ಹೃದಯಾಘಾತವನ್ನು ಹಿಡಿಯುವುದು ಸಾಧ್ಯವೇ? ಆದರೆ ಶಿಕ್ಷಣದ ವಿಷಯದಲ್ಲಿ ಅವರು ಹೇಳಿದ್ದನ್ನು ಒಪ್ಪಲು ಅವರ ದೇಶಕ್ಕೇ ಅರ್ಧ ಶತಮಾನ ಬೇಕಾಯಿತು. ಕುಟುಂಬ ವೈದ್ಯವೃತ್ತಿಗೆಂದೇ ಪ್ರೊಫೆಸರ್ ಪೀಠವೊಂದು ಜಗತ್ತಿನಲ್ಲಿ ಮೊದಲು ಸ್ಥಾಪನೆಯಾದದ್ದು 1963ರಲ್ಲಿ, ಅವರು ಓದಿದ ಎಡಿನ್‌ಬರೋದಲ್ಲಿಯೇ. ನಮ್ಮ ದೇಶದಲ್ಲಿ ಆ ವಿಷಯದ ಸ್ನಾತಕೋತ್ತರ ಪದವಿಯನ್ನು ಮೊದಮೊದಲು ಆರಂಭಿಸಿದ ಸರಕಾರಿ ಕಾಲೇಜುಗಳಲ್ಲಿ ಕೋಝಿಕ್ಕೋಡಿನದೂ ಒಂದು.

ಮೆಕೆಂಜಿಯವರಿಗೆ ಸ್ವತಃ ಹೃದ್ರೋಗವಿತ್ತು. ಹಲವು ವರ್ಷ ಎದೆನೋವಿನಿಂದ ನರಳಿದರು. 1923ರಲ್ಲಿ ಎದೆನೋವಿನ ಕುರಿತು ಬರೆದ ಗ್ರಂಥದಲ್ಲಿ ಬರುವ ರೋಗಿಗಳಲ್ಲಿ ಒಬ್ಬರು, ಹೆಸರು ಹೇಳದೆ, ಅವರೇ. 1925ರ ಜನವರಿ 26ರಂದು ತೀರಿಕೊಂಡರು. ಅವರ ಇಚ್ಛೆಯಂತೆ, ಅವರ ಕೈಕೆಳಗೆ ಕಲಿತ ಜಾನ್ ಪಾರ್ಕಿನ್ಸನ್ ಹೃದಯವನ್ನು ಪರೀಕ್ಷಿಸಿದರು. ಅದು ಸೇಂಟ್ ಆಂಡ್ರೂಸಿಗೆ ಹೋಯಿತು. ಅದರ ವಿವರ 1939ರಲ್ಲಿ ಹೃದ್ರೋಗದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಒಬ್ಬ ರೋಗಿಯ ಟಿಪ್ಪಣಿ ಅಲ್ಲಿಗೆ ಮುಗಿಯಿತು. ಅವರಿಲ್ಲದ ಸಂಸ್ಥೆ ಹೆಚ್ಚು ಕಾಲ ಬಾಳಲಿಲ್ಲ.

ಮೆಕೆಂಜಿಯವರ ಯೋಚನೆಯನ್ನು ಇನ್ನೊಂದು ರೀತಿಯಲ್ಲಿ ನಡೆಸಿ ತೋರಿಸಿದವರು ವೇಲ್ಸ್ ದೇಶದ ಒಂದು ಕಲ್ಲಿದ್ದಲಿನ ಹಳ್ಳಿಯ ಡಾಕ್ಟರು, ಜೂಲಿಯನ್ ಟ್ಯೂಡರ್ ಹಾರ್ಟ್. 1927ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಇವರು ಕೇಂಬ್ರಿಜಿನಲ್ಲಿ ಓದಿದವರು; ರಿಚರ್ಡ್ ಡಾಲ್, ಆರ್ಚಿ ಕಾಕ್ರನ್ ಮುಂತಾದ ಘಟಾನುಘಟಿಗಳ ಜೊತೆ ಸಂಶೋಧನೆ ಮಾಡಿದವರು. ಹೀಗಿದ್ದೂ 1961ರಲ್ಲಿ ಗ್ಲಿನ್‌ಕೊರಗ್ ಎಂಬ, ಸುಮಾರು ಎರಡು ಸಾವಿರ ಜನರ ಹಳ್ಳಿಗೆ ಹೋಗಿ ನೆಲೆಸಿದರು. ಗಣಿ 1970ರಲ್ಲಿ ಮುಚ್ಚಿತು, ಕೆಲಸ ಹೋಯಿತು, ಡಾಕ್ಟರು ಉಳಿದರು. ರಾಜಕೀಯದಲ್ಲಿ ಕಮ್ಯೂನಿಸ್ಟರು, ಅದನ್ನು ಮುಚ್ಚಿಡಲಿಲ್ಲ.

1968ರಲ್ಲಿ ಅವರು ಹಳ್ಳಿಯ ಪ್ರತಿಯೊಬ್ಬ ವಯಸ್ಕನ ರಕ್ತದ ಒತ್ತಡವನ್ನು ನೋಡಲು ಹೊರಟರು. ಬಿ.ಪಿ. ಇದ್ದವರಿಗೆ ಬಹಳ ಕಾಲ ಏನೂ ಅನ್ನಿಸುವುದಿಲ್ಲ. ಅನ್ನಿಸದವನು ಡಾಕ್ಟರರ ಬಳಿ ಬರುವುದಿಲ್ಲ. ಬಂದವರನ್ನು ಮಾತ್ರ ನೋಡುತ್ತ ಕುಳಿತರೆ, ಕಾಯಿಲೆ ಇದ್ದವರಲ್ಲಿ ಅರ್ಧ ಮಂದಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿದ್ದವರಲ್ಲಿ ಅರ್ಧ ಮಂದಿ ಮದ್ದು ತಿನ್ನುವುದಿಲ್ಲ. ತಿನ್ನುವವರಲ್ಲಿ ಅರ್ಧ ಮಂದಿಗೆ ಹತೋಟಿಗೆ ಬರುವುದಿಲ್ಲ. ಅರ್ಧಗಳ ನಿಯಮವೆಂದು ವೈದ್ಯರು ಹೇಳುವುದು ಇದನ್ನೇ. ಎಂಟಾಣೆಯಲ್ಲಿ ಅರ್ಧ ನಾಲ್ಕಾಣೆ, ನಾಲ್ಕಾಣೆಯಲ್ಲಿ ಅರ್ಧ ಎರಡಾಣೆ! ಹಾರ್ಟ್ ಅವರು ಬರುವವರೆಗೆ ಕಾಯಲಿಲ್ಲ. ಜ್ವರಕ್ಕೆ ಬಂದವರದ್ದೂ, ಮಗುವನ್ನು ತಂದ ತಾಯಿಯದ್ದೂ ನೋಡಿದರು. ಬಾರದವರನ್ನು ಹುಡುಕಿ ಹೋದರು. ಕೊನೆಗೆ ಉಳಿದವರು ಬೆರಳೆಣಿಕೆಯ ಮಂದಿ. ಪತ್ನಿ ಮೇರಿ ಹಾರ್ಟ್ ಈ ಎಲ್ಲ ಸಂಶೋಧನೆಯಲ್ಲಿ ಸಮಭಾಗಿ. ಹಳ್ಳಿಯವರಿಗೂ ಇದು ತಮ್ಮ ಕೆಲಸವೆಂದೇ ಅನ್ನಿಸಿತು. ಉಪ್ಪಿಗೂ ಒತ್ತಡಕ್ಕೂ ಇರುವ ಸಂಬಂಧ ತಿಳಿಯುವುದಕ್ಕಾಗಿ ಗಣಿಕೆಲಸದವರು ದಿನವಿಡೀ ತಮ್ಮ ಮೂತ್ರವನ್ನು ಬಾಟಲಿಯಲ್ಲಿ ತುಂಬಿಸಿ ತಂದುಕೊಟ್ಟರು. ಉಪ್ಪಿನಕಾಯಿ, ಒಣಮೀನು ಇಲ್ಲದೆ ಗಂಜಿ ಇಳಿಯದ ನಮ್ಮಲ್ಲಿ ಇಂಥ ಸಂಶೋಧನೆಗೆ ಎಷ್ಟು ಜನ ಬಂದಾರು ಎಂದು ಓದುವಾಗ ನಗು ಬಂತು.

ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಅವರು 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದರು. ಅಷ್ಟೇ ಬಡತನದ ಪಕ್ಕದ ಹಳ್ಳಿಗೆ ಹೋಲಿಸಿದರೆ ಗ್ಲಿನ್‌ಕೊರಗ್‌ನಲ್ಲಿ ಅರುವತ್ತೈದಕ್ಕೆ ಮುಂಚೆ ಸಾಯುವವರ ಪ್ರಮಾಣ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಹೊಸ ಮದ್ದು ಕಂಡುಹಿಡಿದದ್ದಲ್ಲ, ಹೊಸ ಆಸ್ಪತ್ರೆ ಕಟ್ಟಿದ್ದಲ್ಲ. ಇದ್ದ ಮದ್ದನ್ನು ಬೇಕಾದವರಿಗೆಲ್ಲ ತಲುಪಿಸಿ, ಬರೆದಿಟ್ಟು, ಮತ್ತೆ ಮತ್ತೆ ವಿಚಾರಿಸಿದ್ದು ಅಷ್ಟೆ.

ಹಾರ್ಟ್ ಅವರ ಹೆಸರು ಲೋಕಪ್ರಸಿದ್ಧವಾದದ್ದು 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಒಂದು ಲೇಖನದಿಂದ. ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಅದು ಕಡಿಮೆ ಸಿಗುತ್ತದೆ, ಎಲ್ಲಿ ಕಡಿಮೆ ಬೇಕೋ ಅಲ್ಲಿ ಹೆಚ್ಚು ಸಿಗುತ್ತದೆ. ಚಿಕಿತ್ಸೆಯನ್ನು ವ್ಯಾಪಾರಕ್ಕೆ ಬಿಟ್ಟಷ್ಟೂ ಈ ಅಂತರ ಬೆಳೆಯುತ್ತದೆ ಎಂದು ಅವರು ಅದರಲ್ಲಿ ವಾದಿಸಿದರು. ತಿರುಗುಮುರುಗಾದ ಈ ನಿಯಮವನ್ನು ಅರ್ಥಮಾಡಿಕೊಳ್ಳಲು ಗಡಿನಾಡಿನವರಿಗೆ ವೇಲ್ಸಿಗೆ ಹೋಗಬೇಕಾಗಿಲ್ಲ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಮಂಗಳೂರು ನಮ್ಮ ಜಿಲ್ಲಾ ಕೇಂದ್ರ. ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ. ಗಡಿ ಬದಲಾದ ಮೇಲೂ ನಮ್ಮ ಸೀಕಿನವರ ದಾರಿ ಬದಲಾಗಲಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಎದೆನೋವು ಬಂದರೆ ಇಂದಿಗೂ ಬಾಯಿಗೆ ಮೊದಲು ಬರುವ ಹೆಸರು ಮಂಗಳೂರು. ಎಷ್ಟೋ ಡಾಕ್ಟರರಿಗೆ ಕಾಯಿಲೆಯ ಕೊನೆಯ ಅಂಕವನ್ನು ಕಲಿಸಿದ ಪಾಠದಲ್ಲಿ ತಲಪಾಡಿ ದಾಟಿ ಹೋದ ನಮ್ಮ ಅಜ್ಜ ಅಜ್ಜಿಯಂದಿರ ಪಾಲೂ ಇದೆ. ಮೊದಲ ಅಂಕ ಮಾತ್ರ ಇಲ್ಲಿಯೇ, ನಮ್ಮ ಮನೆಗಳ ಒಳಗೆ, ಯಾರೂ ಬರೆದಿಡದೆ ಕಳೆದುಹೋಯಿತು.

2020ರ ಮಾರ್ಚಿಯಲ್ಲಿ ಕೊರೋನಾದ ಕಾಲಕ್ಕೆ ಕರ್ನಾಟಕವು ಗಡಿಯ ದಾರಿಗಳನ್ನು ಮುಚ್ಚಿದಾಗ ಈ ಆಧಾರ ಎಷ್ಟು ತೆಳ್ಳಗಿನದೆಂದು ಗೊತ್ತಾಯಿತು. ಮಂಗಳೂರಿಗೆ ಹೋಗಲಾಗದೆ ಹಲವು ರೋಗಿಗಳು ತೀರಿಕೊಂಡರೆಂದು ಆ ದಿನಗಳಲ್ಲಿ ಪತ್ರಿಕೆಗಳು ಬರೆದವು. ಎಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಯಿಸಲು ಆದೇಶ ಕೊಟ್ಟಿತು. ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ ಅದೇ ಎಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದುಕೊಂಡಿತು. ಅಲ್ಲಿ ವರ್ಷಕ್ಕೆ 50 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಅನುಮತಿ ದೊರೆತದ್ದು 2025ರಲ್ಲಿ.

ಹಾರ್ಟ್ ಅವರ ದಾರಿಯ ಕೆಲಸ ಇಲ್ಲಿಯೂ ನಡೆಯುತ್ತಿಲ್ಲವೆಂದಲ್ಲ. 2017ರಲ್ಲಿ ಆರಂಭವಾದ ಆರ್ದ್ರಂ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾದವು. 2022ರಲ್ಲಿ ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರನ್ನು ಮನೆಮನೆಗೆ ಬಂದು ವಿಚಾರಿಸುವ ಶೈಲಿ ಎಂಬ ಸಮೀಕ್ಷೆ ಆರಂಭವಾಯಿತು. ಗ್ಲಿನ್‌ಕೊರಗ್‌ನಲ್ಲಿ ಒಬ್ಬ ಡಾಕ್ಟರು ಮಾಡಿದ್ದನ್ನು ಇಡೀ ರಾಜ್ಯಕ್ಕೆ ಹಬ್ಬಿಸುವ ಯತ್ನವಿದು, ಮೆಚ್ಚಬೇಕು.

ನಮ್ಮಲ್ಲಿ ಅದಕ್ಕೊಂದು ತೊಡಕಿದೆ. ಮೆಕೆಂಜಿಯವರ ಸಂಶೋಧನೆಯೆಲ್ಲ ರೋಗಿಯ ಬಾಯಿಯಿಂದ ಬರುವ ಮಾತನ್ನು ನೆಚ್ಚಿಕೊಂಡಿತ್ತು. ಯಂತ್ರಕ್ಕೆ ಸಿಗುವ ಮೊದಲೇ ಕಾಯಿಲೆ ಮಾತಿಗೆ ಸಿಗುತ್ತದೆ: ಗುಡ್ಡ ಹತ್ತುವಾಗ ಒಂದು ಕಡೆ ನಿಲ್ಲಬೇಕಾಗುತ್ತದೆ, ಮೊದಲು ಹೀಗಿರಲಿಲ್ಲ ಎಂಬ ಮಾತಿಗೆ. ಬರ್ನ್ಲಿಯ ನೇಕಾರ ಹೆಂಗಸಿಗೂ ಡಾಕ್ಟರಿಗೂ ಭಾಷೆ ಒಂದೇ. ನಮ್ಮಲ್ಲಿ ರೋಗಿ ತುಳುವಿನಲ್ಲೋ ಕನ್ನಡದಲ್ಲೋ ಹೇಳುತ್ತಾಳೆ, ಡಾಕ್ಟರರು ಕೊಲ್ಲಂನವರೋ ಕೋಟ್ಟಯಂನವರೋ, ಚೀಟಿ ಇಂಗ್ಲಿಷಿನಲ್ಲಿ, ಗೋಡೆಯ ಫಲಕ ಮಲಯಾಳದಲ್ಲಿ. ನೋವು ಎಂಬುದಕ್ಕೆ ವೇದನ ಇದೆ, ಏದುಸಿರಿಗೆ ಕಿದಪ್ಪ್ ಇದೆ. ಆದರೆ ಹೃದಯದ ತೊಂದರೆ ಇದ್ದವರಲ್ಲಿ ಎಷ್ಟೋ ಮಂದಿ ನೋವೆಂದು ಹೇಳುವುದೇ ಇಲ್ಲ. ನೋವುಂಟೋ ಎಂದರೆ ಇಲ್ಲ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿದು ಗ್ಯಾಸಿನ ಮಾತ್ರೆ ಕೈಗೆ ಬರುತ್ತದೆ.

ಎರಡು ಭಾಷೆ ಬಲ್ಲ ನಿವೃತ್ತ ಮಾಸ್ಟ್ರು ಎಂಬ ಕಾರಣಕ್ಕೆ ನೆರೆಕರೆಯವರು ನನ್ನನ್ನು ಆಸ್ಪತ್ರೆಗೆ ಜೊತೆಗೆ ಕರೆಯುವುದುಂಟು. ಕಳೆದ ಮಳೆಗಾಲದಲ್ಲಿ ಹಾಗೆ ಬೀಡಿ ಕಟ್ಟುವ ಒಬ್ಬ ಹೆಂಗಸಿನ ಜೊತೆ ಹೋಗಿದ್ದೆ. ಡಾಕ್ಟರರು ಸಣ್ಣ ಪ್ರಾಯದ ಮಲಯಾಳಿ ಹುಡುಗಿ. ನೋವಿದೆಯೇ ಎಂದು ಕೇಳಿದರು. ಇವಳು ಇಲ್ಲ ಎಂದಳು. ಇವಳ ಮಾತನ್ನು ನಾನು ಇದ್ದ ಹಾಗೆ ಹೇಳಿದೆ: ನೋವಲ್ಲ, ನೀರು ಹೊತ್ತು ಮೆಟ್ಟಲು ಹತ್ತಿದರೆ ಎದೆ ಹಿಡಿದ ಹಾಗೆ ಆಗುತ್ತದೆ, ಕೊಡ ಇಳಿಸಿ ನಿಂತರೆ ಬಿಡುತ್ತದೆ. ಆ ಹುಡುಗಿ ಪೆನ್ನು ಎತ್ತಿ, ಎದೆ ಹಿಡಿದ ಹಾಗೆ ಎಂದರೆ ಏನು, ಕೈಯಲ್ಲಿ ತೋರಿಸಿ ಎಂದರು. ಇವಳು ಮುಷ್ಟಿ ಬಿಗಿದು ಎದೆಯ ನಡುವೆ ಇಟ್ಟು ತೋರಿಸಿದಳು. ಎಷ್ಟು ತಿಂಗಳಿಂದ, ಎಷ್ಟನೆಯ ಮೆಟ್ಟಲಿನಲ್ಲಿ, ಮೊದಲಿಗಿಂತ ಬೇಗ ಬರುತ್ತದೆಯೇ ಎಂದೆಲ್ಲ ಕೇಳಿ ಬರೆದುಕೊಂಡರು. ಒಂದು ಸಾಲು ನನಗೆ ಕಂಡಿತು. ಇಂಗ್ಲಿಷಿನ ನಡುವೆ ಮಲಯಾಳದ ಅಕ್ಷರಗಳಲ್ಲಿ, ಆದರೆ ಕನ್ನಡದಲ್ಲಿಯೇ, ಎದೆ ಹಿಡಿದ ಹಾಗೆ ಎಂದು ಬರೆದಿದ್ದರು. ಅದೇ ದಿನ ಇ.ಸಿ.ಜಿ. ತೆಗೆಸಿ, ಮದ್ದು ಆರಂಭಿಸಿ, ಮುಂದಿನ ಪರೀಕ್ಷೆಗೆ ಕಾಗದ ಕೊಟ್ಟರು.